ಹನ್ನೆರಡು ಸಾವಿರದ ಪವರ್ ಕೇಬಲ್ ಬೇಕೇ?

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಬಳಿ ತೋಟದ ಮನೆ. ಚಾನೆಲ್‌ಗೆ, ಅಂದರೆ ಒಂದೊಂದು ಬದಿಯ ಸ್ಪೀಕರ್‌ಗೆ, 60 ವ್ಯಾಟ್‌ನ ಸ್ಟೀರಿಯೊ ಆಂಪ್ಲಿಫೈಯರ್ ಇದೆ. ಸಂಜೆ ಹೊತ್ತು ಧ್ವನಿ ಸಪ್ಪೆ, ಜೊತೆಗೆ ಸಣ್ಣ ಗುಂಯ್ ಸದ್ದು. 12,000 ರೂಪಾಯಿಯ ಪವರ್ ಕೇಬಲ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ ಅಂಗಡಿಯವರು. ಹೌದೇ?

ಉತ್ತರ: ಇಲ್ಲ. ಲೆಕ್ಕ ಹಾಕಿ ನೋಡಿ. ಜೋರಾಗಿ ಹಾಡಿಸಿದರೂ ನಿಮ್ಮ ಆಂಪ್ಲಿಫೈಯರ್ ಎಳೆಯುವುದು ಸುಮಾರು 300 ವ್ಯಾಟ್, ಅಂದರೆ 1.3 ಆಂಪಿಯರ್. ಒಂದೂವರೆ ಮೀಟರ್ ಉದ್ದದ, 0.75 ಚದರ ಮಿಲಿಮೀಟರ್‌ನ ಮಾಮೂಲಿ ತಾಮ್ರದ ಕೇಬಲ್‌ನಲ್ಲಿ ಆಗ ನಷ್ಟವಾಗುವುದು 0.1 ವೋಲ್ಟ್. 1.5 ಚದರ ಮಿಲಿಮೀಟರ್‌ನ ತಂತಿ ಹಾಕಿದರೆ ಉಳಿಯುವುದು ಅದರರ್ಧ. ಕಂಬದಿಂದ ಕಂಬಕ್ಕೆ ನೂರಾರು ಮೀಟರ್ ಅಲ್ಯೂಮಿನಿಯಂ ತಂತಿಯಲ್ಲಿ ಬಂದ ಕರೆಂಟನ್ನು ಕೊನೆಯ ಒಂದೂವರೆ ಮೀಟರ್ ಶುದ್ಧ ಮಾಡುತ್ತದೆ ಎನ್ನುವುದು ವ್ಯಾಪಾರದ ಮಾತು. ಹೇಗೂ ಒಳಗಿನ ಟ್ರಾನ್ಸ್‌ಫಾರ್ಮರ್, ರೆಕ್ಟಿಫೈಯರ್, ಕೆಪಾಸಿಟರ್‌ಗಳು ಅದನ್ನು ಡಿಸಿ (ಒಂದೇ ದಿಕ್ಕಿನ ಕರೆಂಟ್) ಮಾಡಿಕೊಂಡೇ ಬಳಸುತ್ತವೆ.

ಸಪ್ಪೆ ಧ್ವನಿಗೆ ಬಹುಪಾಲು ಕಾರಣ ವೋಲ್ಟೇಜ್. ಸಂಜೆ ಏಳರಿಂದ ಒಂಬತ್ತರ ನಡುವೆ ಸಾಕೆಟ್‌ನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ. ಕಾಫಿ ಹೂವಿಗೆಂದು ಸ್ಪ್ರಿಂಕ್ಲರ್ ಪಂಪ್ ಓಡುವ ಫೆಬ್ರವರಿ, ಮಾರ್ಚ್‌ನಲ್ಲಂತೂ ತಪ್ಪದೆ ನೋಡಿ. ಸಾಂಪ್ರದಾಯಿಕ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರ್‌ಗೆ 230ರ ಬದಲು 180 ವೋಲ್ಟ್ ಸಿಕ್ಕರೆ 60 ವ್ಯಾಟ್ ಸುಮಾರು 37ಕ್ಕೆ ಇಳಿಯುತ್ತದೆ, ಏಕೆಂದರೆ ಶಕ್ತಿ ಕುಸಿಯುವುದು ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿ. ಚೆಂಡೆ, ಮದ್ದಳೆಯ ಪೆಟ್ಟು ಬಂದಾಗ ಧ್ವನಿ ಒಡೆಯುವುದೂ ಇದರಿಂದಲೇ. ಇದಕ್ಕೆ 140 ವೋಲ್ಟ್‌ನಿಂದ ಕೆಲಸ ಮಾಡುವ 1 ಕೆವಿಎ ಸರ್ವೋ ಸ್ಟೆಬಿಲೈಸರ್ ತನ್ನಿ. ರಿಲೇ ಸ್ಟೆಬಿಲೈಸರ್ ಅಗ್ಗ, ಆದರೆ ಹಾಡಿನ ನಡುವೆ ಟಕ್ ಟಕ್ ಎನ್ನುತ್ತದೆ. ಆಂಪ್ಲಿಫೈಯರ್‌ನ ಹಿಂಬದಿಯ ಚೀಟಿಯಲ್ಲಿ 100–240 ವೋಲ್ಟ್ ಎಂದು ಬರೆದಿದ್ದರೆ ಸ್ಟೆಬಿಲೈಸರ್ ಬೇಕಿಲ್ಲ. ಕರೆಂಟ್ ಹೋದಾಗ ಇನ್ವರ್ಟರ್‌ನಲ್ಲಿ ಕೇಳುವವರು ಸೈನ್ ವೇವ್‌ನದ್ದೇ ಕೊಳ್ಳಬೇಕು. ಸ್ಕ್ವೇರ್ ವೇವ್‌ಗೆ ಟ್ರಾನ್ಸ್‌ಫಾರ್ಮರೇ ಗುಯ್‌ಗುಡುತ್ತದೆ.

ಇನ್ನು ಗುಂಯ್ ಸದ್ದು. ಸ್ಪೀಕರ್‌ನಿಂದಲೋ ಆಂಪ್ಲಿಫೈಯರ್ ಪೆಟ್ಟಿಗೆಯಿಂದಲೋ ಮೊದಲು ಕಿವಿಗೊಟ್ಟು ಕೇಳಿ. ಸ್ಪೀಕರ್‌ನಿಂದಾದರೆ ಆಂಪ್ಲಿಫೈಯರ್ ಆಫ್ ಮಾಡಿ, ಇನ್‌ಪುಟ್ ವೈರ್‌ಗಳನ್ನೆಲ್ಲ ಕಳಚಿ, ಮತ್ತೆ ಆನ್ ಮಾಡಿ. ಸದ್ದು ನಿಂತರೆ ಒಂದೊಂದಾಗಿ ಸೇರಿಸುತ್ತ ಬನ್ನಿ, ಡಿಶ್ ಕೇಬಲ್ ಬರುವ ಸೆಟ್‌ಟಾಪ್ ಬಾಕ್ಸ್ ಸಿಕ್ಕಿಬೀಳುವುದೇ ಹೆಚ್ಚು. ನಿಲ್ಲದಿದ್ದರೆ ಒಳಗಿನ ಫಿಲ್ಟರ್ ಕೆಪಾಸಿಟರ್ ಒಣಗಿರಬಹುದು, ಮೆಕ್ಯಾನಿಕ್‌ಗೆ ತೋರಿಸಿ. ಸದ್ದು ಹೋಗಲೆಂದು ಪ್ಲಗ್‌ನ ಅರ್ಥ್ ಪಿನ್ ಮಾತ್ರ ಕತ್ತರಿಸಬೇಡಿ. ಪೆಟ್ಟಿಗೆಗೆ ಕರೆಂಟ್ ತಗುಲಿದರೆ ಪ್ರಾಣಕ್ಕೆ ಕುತ್ತು.

ಅರ್ಥಿಂಗನ್ನೂ ಪರೀಕ್ಷಿಸಿ. ಫೇಸ್–ಅರ್ಥ್ ನಡುವಿನ ವೋಲ್ಟೇಜ್ ಫೇಸ್–ನ್ಯೂಟ್ರಲ್‌ಗಿಂತ ತೀರಾ ಕಡಿಮೆ ತೋರಿಸಿದರೆ, ಅಥವಾ ಕುಣಿಯುತ್ತಿದ್ದರೆ, ಅರ್ಥಿಂಗ್ ಸತ್ತಿದೆ ಎಂದೇ ತಿಳಿಯಿರಿ. ಮಳೆಗಾಲದಲ್ಲಿ ಚೆನ್ನಾಗಿರುವ ಅರ್ಥಿಂಗ್ ಗುಂಡಿ ಏಪ್ರಿಲ್‌ನಲ್ಲಿ ಒಣಗಿ ಕೈಕೊಡುವುದುಂಟು, ಹಾಗಾಗಿ ಬೇಸಿಗೆಯಲ್ಲೇ ಅರ್ಥ್ ಟೆಸ್ಟರ್‌ನಿಂದ ಅಳೆಸಿ. 5 ಓಮ್‌ಗಿಂತ ಕಡಿಮೆ ಬರಬೇಕು.

ಕೇಬಲ್ ಬದಲಿಸಲೇಬೇಕಾದ ಸಂದರ್ಭವೂ ಇದೆ. ಪ್ಲಗ್ ಮುಟ್ಟಿದರೆ ಬಿಸಿ, ಪಿನ್ ಸಡಿಲ, ಇಲ್ಲವೇ ತಿಂಗಳುಗಟ್ಟಲೆ ಜಡಿಮಳೆಯ ತೇವಕ್ಕೆ ಪಿನ್‌ಗೆ ಹಸಿರು ಕಿಲುಬು. ಆಗ ಐಎಸ್‌ಐ ಗುರುತಿನ, 1 ಚದರ ಮಿಲಿಮೀಟರ್‌ನ ಮೂರು ತಂತಿಯ ಕೇಬಲ್ ಧಾರಾಳ ಸಾಕು. ಸಾಕೆಟ್ ಸಡಿಲವಾಗಿದ್ದರೆ ಅದನ್ನೂ ಬದಲಿಸಿ. ಏಪ್ರಿಲ್–ಮೇ ತಿಂಗಳ ಗುಡುಗು–ಸಿಡಿಲಿಗೆ ಮಾತ್ರ ಯಾವ ಕೇಬಲ್ಲೂ ತಡೆಯಲ್ಲ: ಮೋಡ ಕಟ್ಟುತ್ತಿದ್ದಂತೆ ಪ್ಲಗ್ ಎಳೆಯಿರಿ, ಡಿಶ್ ವೈರನ್ನೂ ಕಳಚಿಡಿ.