ಕಾಲುದಾರಿಯ ಕೊರಕಲು: ಕಲ್ಲನ್ನು ಓರೆಯಾಗಿ ಕೂರಿಸಿ

ಕುಮಾರಪರ್ವತದ ದಾರಿಯ ಕೊರಕಲಿಗೆ ಅಡ್ಡಲಾಗಿ ಕಲ್ಲು ಜೋಡಿಸಿದರೆ ಸಾಕೇ ಎಂದು ಕೇಳಿದ್ದೀರಿ. ನೇರ ಅಡ್ಡ ಇಟ್ಟರೆ ಸಾಲದು. ನೀರು ಅಲ್ಲೇ ನಿಂತು, ಹೂಳು ತುಂಬಿ, ಕೊನೆಗೆ ಕಲ್ಲು ದಾಟಿ ಧುಮುಕಿ ಕೆಳಗೆ ಗುಂಡಿ ತೋಡುತ್ತದೆ. ದಾರಿಗೆ ಸುಮಾರು 45 ಡಿಗ್ರಿ ಓರೆಯಾಗಿ, ಇಳಿಜಾರಿನ ಬದಿಯ ತುದಿ ತಗ್ಗಿರುವಂತೆ ಕೂರಿಸಿ, ಆಗ ನೀರು ದಾರಿಯಿಂದ ಪಕ್ಕಕ್ಕೆ ಹರಿದುಹೋಗುತ್ತದೆ. ಕಲ್ಲಿನ ಮೂರರಲ್ಲಿ ಎರಡು ಪಾಲು ಮಣ್ಣಿನೊಳಗಿರಲಿ. ಎರಡೂ ತುದಿ ದಾರಿಯಂಚಿನಿಂದ ಒಂದಡಿ ಆಚೆ ಚಾಚಬೇಕು. ಇಲ್ಲದಿದ್ದರೆ ಜನ ಬಳಸಿಕೊಂಡು ಹೋಗಿ ಹುಲ್ಲು ತುಳಿದು ಹೊಸ ದಾರಿ ಮಾಡುತ್ತಾರೆ, ಶೋಲೆಯ (ಬೆಟ್ಟದ ಕಣಿವೆಗಳ ನಿತ್ಯಹಸಿರು ಕಾಡಿನ) ಅಂಚಿನ ಹುಲ್ಲುಗಾವಲಿಗೆ ಅದೇ ದೊಡ್ಡ ಪೆಟ್ಟು. ನೀರು ಹೊರಬೀಳುವ ಬಾಯಿಗೆ ತರಗೆಲೆ ಕಟ್ಟಿಕೊಳ್ಳುತ್ತದೆ. ಮೇ ಕೊನೆಯಲ್ಲಿ ಗುದ್ದಲಿಯಿಂದ ಕೆರೆದು ಬಿಡಿಸಿ. ಅಂದಹಾಗೆ, ಕುಮಾರಪರ್ವತ ಇರುವ ಪುಷ್ಪಗಿರಿ ವನ್ಯಜೀವಿಧಾಮದೊಳಗೆ ಇದೆಲ್ಲಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಗುದ್ದಲಿ ಹಿಡಿಯುವ ಮೊದಲು ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಡಿ.