ಸರ್ಕಾರ ಅನುಮತಿ ಕೊಟ್ಟ ಹೊಸ ಔಷಧಿಯನ್ನು ಡಾಕ್ಟರು ತಕ್ಷಣ ಯಾಕೆ ಬರೆಯುವುದಿಲ್ಲ?

ನೀವು ಕೇಳಿರುವುದು ಇಷ್ಟು: ಅಮ್ಮನ ಕಾಯಿಲೆಗೆ ಹೊಸ ಮಾತ್ರೆ ಬಂದಿದೆ, ಅನುಮತಿಯೂ ಸಿಕ್ಕಿದೆ, ಆದರೂ ಡಾಕ್ಟರು "ಸ್ವಲ್ಪ ದಿನ ನೋಡೋಣ" ಎಂದು ಹಳೆಯದನ್ನೇ ಬರೆದುಕೊಡುತ್ತಾರೆ. ಅನುಮತಿ ಸಿಕ್ಕ ಮೇಲೂ ನೋಡುವುದಕ್ಕೆ ಏನು ಉಳಿದಿರುತ್ತದೆ?

ನಾನು ಜನರಲ್ ಮೆಡಿಸಿನ್ ಡಾಕ್ಟರ್. ಆಸ್ಪತ್ರೆಗೆ ಯಾವ ಹೊಸ ಔಷಧಿ ತರಿಸಬೇಕು, ಯಾವುದು ಬೇಡ ಎಂದು ತೀರ್ಮಾನಿಸುವ ಸಮಿತಿಯಲ್ಲೂ ಎಷ್ಟೋ ವರ್ಷಗಳಿಂದ ಇದ್ದೇನೆ. ನೋಡುವುದು ಬಹಳ ಉಳಿದಿರುತ್ತದೆ.

ಅನುಮತಿ ಕೊಡುವ ಸಂಸ್ಥೆ ಕೇಳುವ ಪ್ರಶ್ನೆ ಬೇರೆ, ನಿಮ್ಮ ಅಮ್ಮನ ಎದುರು ಕೂತ ಡಾಕ್ಟರ ಪ್ರಶ್ನೆ ಬೇರೆ. ಟ್ರಯಲ್‌ಗೆ, ಅಂದರೆ ಔಷಧಿಯನ್ನು ಜನರಲ್ಲಿ ಪರೀಕ್ಷಿಸುವ ಅಧ್ಯಯನಕ್ಕೆ, ಸೇರಿಸಿಕೊಂಡವರಲ್ಲಿ ಇದು ಕೆಲಸ ಮಾಡಿತೇ, ಅಪಾಯಕ್ಕಿಂತ ಪ್ರಯೋಜನ ಹೆಚ್ಚೇ ಎಂಬುದನ್ನು ಸಂಸ್ಥೆ ನೋಡುತ್ತದೆ. ಎಷ್ಟೋ ಸಲ ಹೋಲಿಸಿರುವುದು ಪ್ಲಸೀಬೊ ಜೊತೆ, ಅಂದರೆ ಒಳಗೆ ಔಷಧಿಯೇ ಇಲ್ಲದ ಮಾತ್ರೆಯ ಜೊತೆ. ನಿಮ್ಮ ಅಮ್ಮ ಈಗ ನುಂಗುತ್ತಿರುವುದು ಪ್ಲಸೀಬೊ ಅಲ್ಲವಲ್ಲ. ಅವರು ತೆಗೆದುಕೊಳ್ಳುತ್ತಿರುವ ಹಳೆಯ ಮಾತ್ರೆಗಿಂತ ಹೊಸದು ಮೇಲೇ ಎಂಬುದಕ್ಕೆ ಅನುಮತಿ ಪತ್ರದಲ್ಲಿ ಉತ್ತರ ಇಲ್ಲದೆಯೂ ಇರಬಹುದು.

ಹೊಸ ಔಷಧಿಯ ಟ್ರಯಲ್ ವರದಿ ಕೈಗೆ ಬಂದರೆ ನಾನು ಮೊದಲು ಹುಡುಕುವುದು, ಅವರು ಅಳೆದದ್ದು ಏನನ್ನು ಎಂದು. ರೋಗಿ ಹೆಚ್ಚು ದಿನ ಬದುಕಿದರೇ, ಹೃದಯಾಘಾತ ಕಡಿಮೆಯಾಯಿತೇ, ನೋವು ಇಳಿಯಿತೇ? ಅಥವಾ ಲ್ಯಾಬ್ ರಿಪೋರ್ಟಿನಲ್ಲಿ ಒಂದು ಅಂಕಿ ಮಾತ್ರ ಸರಿಹೋಯಿತೇ? ಇದರ ಬೆಲೆ ನಮ್ಮ ವೃತ್ತಿಗೆ ಗೊತ್ತಾಗಿದ್ದು ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಎಂಬ ಎರಡು ಔಷಧಿಗಳಿಂದ. ಹೃದಯಾಘಾತ ಆಗಿಹೋದವರ ಇಸಿಜಿಯಲ್ಲಿ ಅಲ್ಲಲ್ಲಿ ತಪ್ಪು ಬಡಿತಗಳು ಕಾಣುತ್ತವೆ. ಅಂಥವರು ಹಠಾತ್ತನೆ ಸಾಯುವ ಸಂಭವ ಹೆಚ್ಚು. ಈ ಔಷಧಿಗಳು ಆ ತಪ್ಪು ಬಡಿತಗಳನ್ನು ಚೆನ್ನಾಗಿ ಅಡಗಿಸುತ್ತಿದ್ದವು. ಹಾಗಿದ್ದ ಮೇಲೆ ಸಾವೂ ತಪ್ಪುತ್ತದೆ ಎಂದು ಎಲ್ಲರೂ ನಂಬಿದ್ದರು. ಕೊನೆಗೆ ಅದನ್ನೇ ಪರೀಕ್ಷಿಸಿದಾಗ, 1991ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಔಷಧಿ ಪಡೆದ 755 ಜನರಲ್ಲಿ 63 ಮಂದಿ ಸತ್ತಿದ್ದರು, ಪ್ಲಸೀಬೊ ಪಡೆದ 743 ಜನರಲ್ಲಿ 26 ಮಂದಿ. ಇಸಿಜಿ ಹಾಳೆ ಚೊಕ್ಕಟವಾಗಿತ್ತು, ಮನುಷ್ಯರು ಉಳಿಯಲಿಲ್ಲ. ಹದಿನೈದು ವರ್ಷಗಳ ಬಳಿಕ ಟಾರ್ಸೆಟ್ರಾಪಿಬ್‌ನಲ್ಲೂ ಇದೇ ಆಯಿತು. ಅದು ಒಳ್ಳೆಯ ಕೊಲೆಸ್ಟ್ರಾಲನ್ನು ಶೇ. 72ರಷ್ಟು ಏರಿಸಿತು, ಆದರೆ ಸಾವುಗಳು ಹೆಚ್ಚಾದ ಕಾರಣ ಸುಮಾರು 15,000 ಜನರ ಟ್ರಯಲನ್ನು 2006ರ ಡಿಸೆಂಬರ್‌ನಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಅದು ಮಾರುಕಟ್ಟೆಗೆ ಬರಲೇ ಇಲ್ಲ. ಆ ಟ್ರಯಲ್ ಮಾಡದೆ, ಕೊಲೆಸ್ಟ್ರಾಲ್ ಏರಿತಲ್ಲ ಸಾಕು ಎಂದುಕೊಂಡಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ.

ಆಮೇಲೆ, ಟ್ರಯಲ್‌ನಲ್ಲಿದ್ದವರು ಯಾರು? ವರದಿಯ ಮೊದಲ ಪಟ್ಟಿಯಲ್ಲಿ ಸರಾಸರಿ ವಯಸ್ಸು ಇರುತ್ತದೆ, ಯಾರನ್ನು ಹೊರಗಿಟ್ಟರು ಎಂಬುದು ಬೇರೆ ಕಡೆ ಸಣ್ಣಕ್ಷರದಲ್ಲಿರುತ್ತದೆ. ಒಮ್ಮೆ ಶುಗರ್‌ನ ಹೊಸ ಔಷಧಿಯೊಂದರ ವರದಿಯನ್ನು ಓಪಿಡಿ ಮುಗಿದ ಮೇಲೆ ಅಲ್ಲೇ ಕೂತು ಓದಿದೆ. ಅವತ್ತು ನೋಡಿದ ಹನ್ನೊಂದು ಶುಗರ್ ರೋಗಿಗಳ ಚೀಟಿಗಳು ಮೇಜಿನ ಮೇಲಿದ್ದವು. ಒಂದೊಂದನ್ನೇ ಎತ್ತಿ ಆ ನಿಯಮಗಳಿಗೆ ಹಿಡಿದು ನೋಡಿದೆ. ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಜಾಸ್ತಿ, ಹೊರಗೆ. ಎಪ್ಪತ್ತೈದು ದಾಟಿದೆ, ಹೊರಗೆ. ಮೂರು ತಿಂಗಳ ಹಿಂದೆ ಸ್ಟ್ರೋಕ್, ಹೊರಗೆ. ಹನ್ನೊಂದರಲ್ಲಿ ಒಳಗೆ ಉಳಿದದ್ದು ಮೂರು ಚೀಟಿ. ಉಳಿದ ಎಂಟು ಜನರ ಬಗ್ಗೆ ಆ ದಪ್ಪ ವರದಿ ಏನನ್ನೂ ಹೇಳಿರಲಿಲ್ಲ. ನಿಮ್ಮ ಅಮ್ಮನಿಗೆ ವಯಸ್ಸಾಗಿದ್ದು, ದಿನಕ್ಕೆ ಐದಾರು ಮಾತ್ರೆ ತೆಗೆದುಕೊಳ್ಳುವವರಾದರೆ, ಅವರೂ ಆ ಎಂಟು ಜನರ ಪೈಕಿಯೇ ಇರಬಹುದು.

ಶೇಕಡಾ ಲೆಕ್ಕದ ಬಗ್ಗೆಯೂ ಒಂದು ಮಾತು, ಯಾಕೆಂದರೆ ಜಾಹೀರಾತು ನಡೆಯುವುದೇ ಅದರ ಮೇಲೆ. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು 6,600 ಗಂಡಸರಿಗೆ ಐದು ವರ್ಷ ಕೊಲೆಸ್ಟ್ರಾಲ್ ಇಳಿಸುವ ಪ್ರವಾಸ್ಟಾಟಿನ್ ಅಥವಾ ಪ್ಲಸೀಬೊ ಕೊಟ್ಟರು. ಹೃದಯದ ತೊಂದರೆ ಶೇ. 31ರಷ್ಟು ಕಡಿಮೆಯಾಯಿತು. ಅದೇ ಫಲಿತಾಂಶವನ್ನು ಹೀಗೂ ಹೇಳಬಹುದು: ನೂರರಲ್ಲಿ 7.9 ಜನರಿಗೆ ಆಗುತ್ತಿದ್ದದ್ದು 5.5 ಜನರಿಗೆ ಆಯಿತು. ಅಂದರೆ ಒಬ್ಬರನ್ನು ಕಾಪಾಡಲು ಸುಮಾರು 42 ಜನ ಐದು ವರ್ಷ ಮಾತ್ರೆ ನುಂಗಬೇಕು. ಒಳ್ಳೆಯ ಔಷಧಿಯೇ, ನಾನೂ ಬರೆಯುತ್ತೇನೆ. ಆದರೆ ಕಂಪನಿಯ ಪ್ರತಿನಿಧಿ "ಥರ್ಟಿ ಒನ್ ಪರ್ಸೆಂಟ್ ಸರ್" ಎಂದಾಗ, "ನೂರರಲ್ಲಿ ಎಷ್ಟು ಜನಕ್ಕೆ?" ಎಂದು ಕೇಳದೆ ನಾನು ಮುಂದೆ ಹೋಗುವುದಿಲ್ಲ.

ಇನ್ನು ಸೈಡ್ ಎಫೆಕ್ಟ್. ಇಲ್ಲಿ ಸರಳ ಗಣಿತವೊಂದಿದೆ. 3,000 ಜನರಿಗೆ ಕೊಟ್ಟು ಒಬ್ಬರಿಗೂ ಲಿವರ್ ಕೆಡಲಿಲ್ಲ ಎಂದುಕೊಳ್ಳಿ. ಅಷ್ಟಾದರೂ ಸಾವಿರಕ್ಕೊಬ್ಬರಿಗೆ ಲಿವರ್ ಕೆಡುವ ಸಾಧ್ಯತೆಯನ್ನು ತಳ್ಳಿಹಾಕಲು ಬರುವುದಿಲ್ಲ. ಲಕ್ಷಾಂತರ ಜನ ಬಳಸಲು ಶುರು ಮಾಡಿದ ಮೇಲೆಯೇ ಅದು ಹೊರಗೆ ಬರುವುದು. 1975ರಿಂದ 1999ರವರೆಗೆ ಅಮೆರಿಕದಲ್ಲಿ ಅನುಮತಿ ಪಡೆದ 548 ಹೊಸ ಔಷಧಿಗಳನ್ನು ಲೆಕ್ಕ ಹಾಕಿದಾಗ, 56 ಔಷಧಿಗಳಿಗೆ ಮುಂದೆ ಅತಿ ಗಂಭೀರ ಎಚ್ಚರಿಕೆ ಸೇರಿಸಬೇಕಾಗಿತ್ತು ಅಥವಾ ಅವನ್ನು ವಾಪಸ್ ಪಡೆಯಬೇಕಾಗಿತ್ತು. ವಾಪಸ್ ಹೋದವುಗಳಲ್ಲಿ ಅರ್ಧದಷ್ಟು ಮೊದಲ ಎರಡು ವರ್ಷಗಳಲ್ಲೇ ಹೋದವು.

ರೋಫೆಕಾಕ್ಸಿಬ್ ಎಂಬ ನೋವಿನ ಮಾತ್ರೆಯನ್ನು ನಾನೇ ಬರೆದಿದ್ದೇನೆ. 1999ರಲ್ಲಿ ಅನುಮತಿ ಸಿಕ್ಕಿತ್ತು, ಹೊಟ್ಟೆಗೆ ಹಗುರ ಎಂಬ ಹೆಸರಿತ್ತು. 2000ದಲ್ಲೇ ಬಂದ ದೊಡ್ಡ ಟ್ರಯಲ್‌ನಲ್ಲಿ ಹಳೆಯ ನೋವಿನ ಮಾತ್ರೆ ನ್ಯಾಪ್ರೊಕ್ಸೆನ್‌ಗೆ ಹೋಲಿಸಿದರೆ ಹೃದಯಾಘಾತ ಹೆಚ್ಚಾಗಿ ಕಂಡಿತ್ತು: ನ್ಯಾಪ್ರೊಕ್ಸೆನ್ ಪಡೆದವರಲ್ಲಿ ಶೇ. 0.1, ರೋಫೆಕಾಕ್ಸಿಬ್ ಪಡೆದವರಲ್ಲಿ ಶೇ. 0.4. ನ್ಯಾಪ್ರೊಕ್ಸೆನ್ ಹೃದಯವನ್ನು ಕಾಪಾಡಿರಬೇಕು, ಅದಕ್ಕೇ ಈ ವ್ಯತ್ಯಾಸ ಎಂಬ ವಿವರಣೆ ಬಂತು, ನಾನೂ ಒಪ್ಪಿಕೊಂಡೆ. ಹೃದಯದ ಅಪಾಯದ ಕಾರಣಕ್ಕೇ 2004ರ ಸೆಪ್ಟೆಂಬರ್ ಕೊನೆಗೆ ಔಷಧಿ ವಾಪಸಾಯಿತು. ನಾನು ಹಳೆಯ ರಿಜಿಸ್ಟರ್ ತೆಗೆದು ಯಾರಿಗೆಲ್ಲ ಬರೆದಿದ್ದೆ ಎಂದು ಬೆರಳಿಟ್ಟು ಹುಡುಕಿ ಫೋನ್ ಮಾಡಿದೆ. ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು: "ಎರಡು ವರ್ಷ ನುಂಗಿದ್ದೀನಲ್ಲ ಡಾಕ್ಟ್ರೇ, ಈಗ ನಿಲ್ಲಿಸಿದ್ರೆ ಆಗಿದ್ದು ವಾಪಸ್ ಹೋಗುತ್ತಾ?" ನನ್ನ ಬಳಿ ಉತ್ತರ ಇರಲಿಲ್ಲ. ನಾನು "ನೋಡೋಣ" ಎನ್ನಲು ಕಲಿತದ್ದು ಆ ಫೋನಿನ ನಂತರ.

ಹಾಗೆಂದು ಕಾಯುವುದೇ ಯಾವಾಗಲೂ ಸರಿ ಎನ್ನುತ್ತಿಲ್ಲ. 2001ರಲ್ಲಿ ಇಮ್ಯಾಟಿನಿಬ್ ಬಂದಾಗ, ಒಂದು ಬಗೆಯ ರಕ್ತ ಕ್ಯಾನ್ಸರ್ ಇದ್ದವರಿಗೆ ಏಳೆಂಟು ವರ್ಷ ನೋಡೋಣ ಎಂದಿದ್ದರೆ ಅದು ಅನ್ಯಾಯವಾಗುತ್ತಿತ್ತು. ಬೇರೆ ದಾರಿ ಇಲ್ಲದವರ ಲೆಕ್ಕವೇ ಬೇರೆ. ಕೈಯಲ್ಲಿ ಚೆನ್ನಾಗಿ ನಡೆಯುತ್ತಿರುವ ಹಳೆಯ ಔಷಧಿ ಇರುವಾಗ, ಅದೇ ಗುಂಪಿನ ನಾಲ್ಕನೆಯದೋ ಐದನೆಯದೋ ಬಂದರೆ ನನಗೆ ಯಾವ ಅವಸರವೂ ಇಲ್ಲ.

ಲಸಿಕೆಯನ್ನು ಆರೋಗ್ಯವಾಗಿರುವವರಿಗೆ, ಹೆಚ್ಚಾಗಿ ಮಕ್ಕಳಿಗೆ ಕೊಡುತ್ತೇವೆ. ಹಾಗಾಗಿ ಅದಕ್ಕೆ ಇನ್ನೂ ಬಿಗಿಯಾದ ಅಳತೆ ಬೇಕು. ಮಕ್ಕಳ ಭೇದಿ ತಡೆಯುವ ಮೊದಲ ರೋಟಾವೈರಸ್ ಲಸಿಕೆಗೆ ಅಮೆರಿಕದಲ್ಲಿ 1998ರ ಆಗಸ್ಟ್‌ನಲ್ಲಿ ಅನುಮತಿ ಸಿಕ್ಕಿತು. ಕರುಳಿನ ಒಂದು ಭಾಗ ಇನ್ನೊಂದರೊಳಗೆ ತೂರಿಕೊಳ್ಳುವ ತೊಂದರೆ ಟ್ರಯಲ್‌ನಲ್ಲಿ ಲಸಿಕೆ ಪಡೆದ ಸುಮಾರು 10,000 ಶಿಶುಗಳಲ್ಲಿ 5 ಶಿಶುಗಳಿಗೆ ಆಗಿತ್ತು. ಕಾಕತಾಳೀಯ ಎನ್ನುವಷ್ಟು ಸಣ್ಣ ಸಂಖ್ಯೆ. ಲಸಿಕೆ ಬಳಕೆಗೆ ಬಂದ ಮೇಲೆ ವರದಿಗಳು ಒಟ್ಟಾದವು. 1999ರ ಜುಲೈನಲ್ಲಿ ನಿಲ್ಲಿಸಿ ಎಂದರು, ಅಕ್ಟೋಬರ್‌ನಲ್ಲಿ ವಾಪಸ್ ಪಡೆದರು. ಇದನ್ನು ಲಸಿಕೆ ಬೇಡ ಎನ್ನಲು ಬಳಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಒಂದು ವರ್ಷ ತುಂಬುವುದರೊಳಗೆ ಹಿಡಿದದ್ದು ಅನುಮತಿಯ ನಂತರವೂ ಕಣ್ಣಿಟ್ಟಿದ್ದ ವ್ಯವಸ್ಥೆ. ಆಮೇಲಿನ ಎರಡು ರೋಟಾವೈರಸ್ ಲಸಿಕೆಗಳನ್ನು ತಲಾ 60,000ಕ್ಕೂ ಹೆಚ್ಚು ಶಿಶುಗಳಲ್ಲಿ ಪರೀಕ್ಷಿಸಿದ್ದೂ ಇದೇ ಕಾರಣಕ್ಕೆ.

ಡೆಂಗಿ ಲಸಿಕೆ ಡೆಂಗ್ವಾಕ್ಸಿಯಾದಲ್ಲಿ ತೊಡಕಾದದ್ದು "ಯಾರಿಗೆ" ಎಂಬುದರಲ್ಲಿ. ಮೊದಲೇ ಒಮ್ಮೆ ಡೆಂಗಿ ಬಂದು ಹೋದವರಿಗೆ ಅದು ರಕ್ಷಣೆ ಕೊಡುತ್ತಿತ್ತು. ಎಂದೂ ಬಾರದವರಿಗೆ ಕೊಟ್ಟರೆ, ಮುಂದೆ ಡೆಂಗಿ ಬಂದಾಗ ಅದು ತೀವ್ರವಾಗುವ ಅಪಾಯ ಹೆಚ್ಚುತ್ತಿತ್ತು. ಇದು 2017ರ ನವೆಂಬರ್‌ನಲ್ಲಿ ಬಹಿರಂಗವಾಗುವ ಹೊತ್ತಿಗೆ ಫಿಲಿಪ್ಪೀನ್ಸ್‌ನಲ್ಲಿ 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಕೊಟ್ಟಾಗಿತ್ತು.

ಈಗ ನಿಮ್ಮ ಅಮ್ಮನ ವಿಷಯ. ಮುಂದಿನ ಸಲ ಹೋಗುವಾಗ ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ, ಇತ್ತೀಚಿನ ಕಿಡ್ನಿ ರಿಪೋರ್ಟನ್ನೂ ಜೊತೆಗೆ ಒಯ್ಯಿರಿ. "ಹೊಸದನ್ನು ಯಾಕೆ ಬರೆಯುವುದಿಲ್ಲ?" ಎನ್ನುವ ಬದಲು, "ಈಗಿನ ಮಾತ್ರೆಯಿಂದ ಅಮ್ಮನಿಗೆ ಇಂಥ ತೊಂದರೆ ಇದೆ, ಹೊಸದರಲ್ಲಿ ಅದು ಕಡಿಮೆಯಾಗುತ್ತದೆಯೇ?" ಎಂದು ಕೇಳಿ. ತೊಂದರೆ ಏನೂ ಇಲ್ಲದಿದ್ದರೆ ಡಾಕ್ಟರು ಕಾಯುತ್ತಿರುವುದು ಅಮ್ಮನ ಒಳ್ಳೆಯದಕ್ಕೇ ಇರಬೇಕು. ಹಳೆಯ ಮಾತ್ರೆಯಿಂದ ಕಾಯಿಲೆ ಹಿಡಿತಕ್ಕೆ ಬರುತ್ತಿಲ್ಲ, ಅಥವಾ ಆ ಮಾತ್ರೆ ಅಮ್ಮನಿಗೆ ಒಗ್ಗುತ್ತಿಲ್ಲ ಎಂದಾದರೆ ಬಿಡಬೇಡಿ, ಕೂತು ವಿವರವಾಗಿ ಮಾತಾಡಿ. ಆ ಹೊಸ ಮಾತ್ರೆಯ ಹೆಸರನ್ನು ನೀವು ಬರೆದಿಲ್ಲ. ತಿಳಿಸಿದರೆ ಅದರ ಟ್ರಯಲ್‌ನಲ್ಲಿ ಏನನ್ನು ಅಳೆದಿದ್ದರು, ಯಾರನ್ನು ಹೊರಗಿಟ್ಟಿದ್ದರು ಎಂದು ಓದಿ ಹೇಳುತ್ತೇನೆ.