ಎರಡರಲ್ಲೂ ಗಣಿತವಿದೆ, ಆದರೆ ಒಂದೇ ಗಣಿತವಲ್ಲ

ಎರಡರಲ್ಲೂ ಗಣಿತ, ಲ್ಯಾಬ್ ಇರುವಾಗ ಕಂಪ್ಯೂಟರ್ ಸೈನ್ಸ್ ಓದುವುದಕ್ಕೂ ಸಿವಿಲ್, ಮೆಕ್ಯಾನಿಕಲ್‌ನಂಥ ಇಂಜಿನಿಯರಿಂಗ್ ಓದುವುದಕ್ಕೂ ಏನು ವ್ಯತ್ಯಾಸ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಅದು ಸಿಲಬಸ್‌ಗಿಂತ ಹೆಚ್ಚಾಗಿ ತಪ್ಪು ಎಲ್ಲಿ ಹುಟ್ಟುತ್ತದೆ, ಅದನ್ನು ಹೇಗೆ ತಡೆಯುತ್ತೀರಿ ಅನ್ನುವುದರಲ್ಲಿದೆ.

ಒಂದು ತುದಿ ಗೋಡೆಗೆ ಬಿಗಿದು, ಇನ್ನೊಂದು ತುದಿಗೆ ಭಾರ ಹಾಕಿದ ತೊಲೆಯನ್ನೇ ನೋಡಿ. ಉದ್ದ ದುಪ್ಪಟ್ಟಾದರೆ ಅದು 8 ಪಟ್ಟು ಬಾಗುತ್ತದೆ. ಆದರೆ ಉದ್ದದ ಅಳತೆ ಶೇ 1ರಷ್ಟು ತಪ್ಪಿದರೆ ಉತ್ತರ ತಪ್ಪುವುದು ಸುಮಾರು ಶೇ 3ರಷ್ಟು ಮಾತ್ರ. ಸಣ್ಣ ತಪ್ಪಿಗೆ ಸಣ್ಣ ಪರಿಣಾಮ. ಒಂದು ಬ್ಯಾಚ್ ಕಾಂಕ್ರೀಟ್ ಇದ್ದ ಹಾಗೆ ಇನ್ನೊಂದು ಇರುವುದಿಲ್ಲ ಅಂತ ಗೊತ್ತಿರುವುದರಿಂದಲೇ ಲೆಕ್ಕಕ್ಕಿಂತ ಹೆಚ್ಚು ಬಲ ಇಟ್ಟು ಕಟ್ಟುತ್ತಾರೆ.

ಕಂಪ್ಯೂಟರ್ ಸೈನ್ಸ್‌ನಲ್ಲಿ ಹಾಗೆ ಹೆಚ್ಚುವರಿ ಬಲ ಇಡಲು ಆಗುವುದಿಲ್ಲ. ಅಕಾರಾದಿಯಾಗಿ ಜೋಡಿಸಿದ 10 ಲಕ್ಷ ಹೆಸರುಗಳಲ್ಲಿ ಒಂದನ್ನು ಹುಡುಕಲು ಬೈನರಿ ಸರ್ಚ್‌ಗೆ, ಅಂದರೆ ಪ್ರತಿ ಸಲ ನಡುವಿನ ಹೆಸರು ನೋಡಿ ಬೇಡದ ಅರ್ಧ ಪಟ್ಟಿಯನ್ನು ಬಿಡುತ್ತಾ ಹೋಗುವ ವಿಧಾನಕ್ಕೆ, 20 ಹೋಲಿಕೆ ಸಾಕು. ಅದರ ನಡುಸ್ಥಾನ ಸಿಗಬೇಕಾದರೆ ಮೊದಲ ಸ್ಥಾನ, ಕೊನೆಯ ಸ್ಥಾನ ಕೂಡಿಸಿ 2ರಿಂದ ಭಾಗಿಸಬೇಕು. ಎಷ್ಟು ಸರಳ ಅನ್ನಿಸುತ್ತದೆ, ಅಲ್ಲವೇ? ಆದರೆ ಕಂಪ್ಯೂಟರ್ 32 ಬಿಟ್‌ನಲ್ಲಿ (0 ಅಥವಾ 1 ಹಿಡಿಯುವ 32 ಸ್ಥಾನಗಳಲ್ಲಿ) ಇಡುವ ಪೂರ್ಣಾಂಕ 214 ಕೋಟಿ ಚಿಲ್ಲರೆಗೆ ಮುಗಿಯುತ್ತದೆ. ಸ್ಥಾನಗಳು 150 ಕೋಟಿ ಮತ್ತು 160 ಕೋಟಿ ಆದಾಗ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೊತ್ತ ಋಣ ಸಂಖ್ಯೆಯಾಗಿ ತಿರುಗಿ ಪ್ರೋಗ್ರಾಂ ನಿಂತುಬಿಡುತ್ತದೆ. ಪಟ್ಟಿ 107 ಕೋಟಿ ದಾಟುವವರೆಗೆ ಯಾವ ಟೆಸ್ಟ್‌ಗೂ ಈ ತಪ್ಪು ಸಿಗುವುದಿಲ್ಲ. ಕೊನೆಯದರಲ್ಲಿ ಮೊದಲನೆಯದನ್ನು ಕಳೆದು, ಅರ್ಧ ಮಾಡಿ, ಮೊದಲನೆಯದಕ್ಕೆ ಕೂಡಿಸುವುದೇ ಪರಿಹಾರ. 1996ರಲ್ಲಿ ಏರಿಯಾನ್ 5 ರಾಕೆಟ್ ಹಾರಿದ 40 ಸೆಕೆಂಡಿನೊಳಗೆ ನಾಶವಾದದ್ದಕ್ಕೂ ಇದರ ಹತ್ತಿರದ ಕಾರಣವೇ: 64 ಬಿಟ್‌ನ ಸಂಖ್ಯೆ 16 ಬಿಟ್‌ನಲ್ಲಿ ಹಿಡಿಸಲಿಲ್ಲ.

ಅದಕ್ಕೇ ಕಂಪ್ಯೂಟರ್ ಸೈನ್ಸ್‌ನ ಗಣಿತವೆಂದರೆ ತರ್ಕ, ಗ್ರಾಫ್ (ಬಿಂದುಗಳನ್ನು ಗೆರೆಗಳಿಂದ ಜೋಡಿಸಿದ ಜಾಲ), ಸಂಭವನೀಯತೆ, ಇಂಡಕ್ಷನ್‌ನಿಂದ ಸಾಧಿಸುವುದು, ಅಂದರೆ ಮೊದಲ ಸಂಖ್ಯೆಗೆ ನಿಜ, ಒಂದಕ್ಕೆ ನಿಜವಾದರೆ ಮುಂದಿನದಕ್ಕೂ ನಿಜ ಅಂತ ತೋರಿಸಿ ಎಲ್ಲದಕ್ಕೂ ನಿಜವೆನ್ನುವುದು. ಅತ್ತ ಇಂಜಿನಿಯರಿಂಗ್‌ನಲ್ಲಿ ಕಲನಶಾಸ್ತ್ರ, ಅವಕಲ ಸಮೀಕರಣಗಳದ್ದೇ ರಾಜ್ಯಭಾರ. ಕೋಡಿಂಗ್ ಕಲಿಸುತ್ತಾರೆ ಅಂತ ಬಂದವರು ರಿಕರ್ಷನ್ (ಒಂದು ವಿಧಾನ ತನ್ನನ್ನೇ ಮತ್ತೆ ಕರೆಯುವುದು) ಮತ್ತು ಗಣಿತದ ಪ್ರೂಫ್‌ಗಳಲ್ಲಿ ಸಿಕ್ಕಿಕೊಳ್ಳುತ್ತಾರೆ. ದಯವಿಟ್ಟು ಇದನ್ನು ಮೊದಲೇ ತಿಳಿದುಕೊಂಡು ಸೇರಿ.

ಲ್ಯಾಬ್‌ಗಳೂ ಬೇರೆ. ಕೋಡ್ ತಪ್ಪಾದರೆ ಸೆಕೆಂಡಿನಲ್ಲಿ ತಿದ್ದಿ ಮತ್ತೆ ಓಡಿಸಬಹುದು. ಕಾಂಕ್ರೀಟ್ ಕ್ಯೂಬ್ ಪರೀಕ್ಷೆಗೆ 28 ದಿನ ಕಾಯಬೇಕು, ಒಡೆದ ಮೇಲೆ ಮತ್ತೊಂದನ್ನು ಎರಕ ಹೊಯ್ಯಬೇಕು.

ಆಯ್ಕೆಗೆ ಮೊದಲು ಎರಡು ಲೆಕ್ಕ ಮಾಡಿ ನೋಡಿ. ಮೊದಲ ಎಷ್ಟೇ ಬೆಸ ಸಂಖ್ಯೆಗಳನ್ನು ಕೂಡಿಸಿದರೂ ಮೊತ್ತ ಅವುಗಳ ಎಣಿಕೆಯ ವರ್ಗವೇ ಆಗುತ್ತದೆ ಅಂತ ಇಂಡಕ್ಷನ್‌ನಿಂದ ಸಾಧಿಸಿ. ಆಮೇಲೆ ಗೋಡೆಗೆ ಒರಗಿಸಿದ ಏಣಿಯ ಮೇಲಿನ ಬಲಗಳನ್ನೆಲ್ಲ ಬಾಣಗಳಲ್ಲಿ ಬಿಡಿಸಿ. ನೆಲದ ಘರ್ಷಣೆಯ ಬಾಣ ಹೊರಕ್ಕಲ್ಲ, ಗೋಡೆಯ ಕಡೆಗೆ. ಏಣಿಯ ಕಾಲು ಜಾರಲು ನೋಡುವುದು ಹೊರಕ್ಕೆ ತಾನೆ. ಯಾವುದಕ್ಕೆ ಊಟದ ಹೊತ್ತು ಮೀರಿದರೂ ಏಳದೆ ಕೂತಿರಿ ಅಂತ ಗಮನಿಸಿ.